ಒಡಕು ಗಾಜು

ಮೊಬೈಲು ತೂಬಿನ ಕಟ್ಟೆಯಿಂದ ಬಿದ್ದದ್ದು ಹೋದ ಕಾರ್ತೀಕದಲ್ಲಿ.
ಅಂದಿನಿಂದ ಗಾಜಿನ ಮೇಲೊಂದು ಗೀರು,
ಎಡಮೂಲೆಯಿಂದ ಇಳಿದು, ನಡುವೆ ಬಳುಕಿ,
ತುದಿಗೆ ಎರಡು ಸೀಳು.
ನೋಡಿದರೆ ನನ್ನದೇ ನಾಲೆ.

ನಾನು ನೀರುಗಂಟಿ. ಪಾಂಡವಪುರದಿಂದ ಕೆಳಕ್ಕೆ
ಮೂರು ಕೊಪ್ಪಲುಗಳ ಗದ್ದೆಗೆ ನೀರು ತಿರುಗಿಸುವವನು.
ಹೆಗಲಿಗೆ ಗುದ್ದಲಿ, ಅಂಗಿ ಜೇಬಿಗೆ ಮೊಬೈಲು;
ಎರಡರಲ್ಲಿ ಯಾವುದಕ್ಕಯ್ಯ ನಿಂಗೆ ಸಂಬಳ ಅಂತ
ಜನ ಕೇಳುವುದುಂಟು.

ನಸುಕಿಗೆ ತೂಬೆತ್ತಿದರೆ ನೀರು ಮೊದಲು ತರುವುದು ಕಸ:
ಹೊಂಗೆಹೂವು, ಸೋಪಿನ ನೊರೆ, ಯಾರದೋ ಒಂಟಿ ಚಪ್ಪಲಿ.
ಹೊಂಗೆಹೂವು ಚಪ್ಪಲಿ ಹತ್ತಿ ಕೂತು
ಮೋರಿ ದಾಟುವುದನ್ನು ಹಿಡಿದಿದ್ದೇನೆ.
ಹಿಡಿಯುವುದೆಂದರೆ ಮೀನು ಹಿಡಿದ ಹಾಗಲ್ಲ.
ಅದು ಹೋಗೇ ಹೋಯಿತು.
ಜೇಬಿನಲ್ಲಿ ಉಳಿದದ್ದು ಅದು ಹೋದ ಗುರುತು.

ಏಡಿ ನಮಗೆ ಹಗೆ.
ಬದುವಿಗೆ ತೂತು ಕೊರೆದು ರಾತ್ರೋರಾತ್ರಿ
ಒಬ್ಬರ ಪಾಲಿನ ನೀರನ್ನು ಇನ್ನೊಬ್ಬರಿಗೆ ಹಂಚುತ್ತದೆ,
ಯಾವ ಇಲಾಖೆಯನ್ನೂ ಕೇಳದೆ.
ಮೊನ್ನೆ ಜವರಪ್ಪನ ಮಡಿಯಲ್ಲಿ ಒಂದು ಸಿಕ್ಕಿತು. ಹೆಣ್ಣು.
ಹೊಟ್ಟೆಯ ಮಡಿಕೆಯೊಳಗೆ ಮರಿಗಳು,
ರಾಗಿಕಾಳಿಗಿಂತ ತುಸು ದಪ್ಪ, ಅಷ್ಟಕ್ಕೂ ಕಾಲು.
ಗುದ್ದಲಿ ಕೆಳಗಿಟ್ಟು ಕೆಸರಲ್ಲಿ ಮಂಡಿಯೂರಿದೆ.
ಬೆನ್ನ ಹಿಂದೆ ಜವರಪ್ಪ:
"ಅಲ್ಲ ಕಣಯ್ಯ, ನೀರು ಓಯ್ತಾ ಅದೆ,
ನೀನು ಏಡಿ ಪಟ ತಗೀತಾ ಕುಂತಿದ್ದೀಯಲ್ಲ,
ಆಧಾರ್ ಕಾರ್ಡು ಮಾಡುಸ್ಕೊಟ್ಟಿಯಾ ಅದ್ಕೆ?"
ತೂತಿಗೆ ಕೆಸರು ಮೆತ್ತಿದೆ.
ಏಡಿಯನ್ನು ಒಯ್ದು ಆಚೆ ಬದುವಿಗೆ ಬಿಟ್ಟೆ.
ಅದು ಕೆಂಚೇಗೌಡರ ಪಾಲು. ಅವರಿಗೆ ಹೇಳಿಲ್ಲ.

ಸೂಲಂಗಿ ಬಂದ ಕಬ್ಬಿನದು ಬೇಕಾದಷ್ಟಿವೆ,
ಇಳಿಬಿಸಿಲಿಗೆ ತಲೆಗೂದಲು ಆರಿಸುತ್ತಾ ನಿಂತಂತೆ.
ಗದ್ದೆಯವರು ತಿರುಗಿಯೂ ನೋಡುವುದಿಲ್ಲ.
ಸೂಲಂಗಿ ಅಂದರೆ ಕಟಾವು ತಡವಾಯಿತು, ತೂಕ ಇಳಿಯಿತು.
ಚಂದವಾಗಿದ್ದಕ್ಕೆ ಬೈಗುಳ ತಿನ್ನುವ ಬೆಳೆ
ನಾನು ಕಂಡದ್ದು ಅದೊಂದೇ.

ದೇವೀರಮ್ಮ ನಾಟಿಯ ಸಾಲಲ್ಲಿ ಬಾಗಿದ್ದಾಗ
ಮೊಬೈಲು ಎತ್ತಿದೆ. ತಲೆ ಎತ್ತದೆಯೇ ಅಂದಳು:
"ನನ್ ಬೆನ್ನು ಬ್ಯಾಡ ಕಣಪ್ಪ, ಅದು ದಿನಾ ನೋವಿಗೇ ಗೊತ್ತು.
ಸಾಲು ತಗಿ. ದಾರ ಕಟ್ಟದೆ ನೆಟ್ಟಿರೋದು ನೋಡು."
ತೆಗೆದೆ. ಹಸಿರು ಚುಕ್ಕಿ, ಹಸಿರು ಚುಕ್ಕಿ,
ಚುಕ್ಕಿಗಳ ನಡುವಣ ನೀರಲ್ಲಿ ಮೋಡ,
ಮೋಡದ ಮೇಲೆ ಅವಳ ಹೆಬ್ಬೆರಳಿನ ಗುಳಿ.

ಮಗಳು ಮೇಘಶ್ರೀ, ಮಂಡ್ಯದ ಕಾಲೇಜಿಗೆ ಹೋಗುವವಳು,
ಹನ್ನೆರಡನ್ನು ಆರಿಸಿ ಸ್ಟುಡಿಯೋದಲ್ಲಿ ಪ್ರಿಂಟು ಹಾಕಿಸಿ ತಂದಳು.
ಜಗಲಿ ಮೇಲೆ ಒಂದೊಂದೇ ಹರಡಿದಳು.
ಏಡಿ ಇತ್ತು, ಚಪ್ಪಲಿ ಇತ್ತು, ಸೂಲಂಗಿ ಎಷ್ಟು ಚೊಕ್ಕ!
ಗೀರು ಮಾತ್ರ ಇರಲಿಲ್ಲ.
ತಿರುಗಿಸಿ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ.
ಇಷ್ಟು ದಿನ ನಾನು ಕಂಡದ್ದೆಲ್ಲ ಅದರ ದಂಡೆಯಲ್ಲೇ,
ಹಕ್ಕಿ ಅದರ ಈಚೆಗೋ, ಮರ ಆಚೆಗೋ
ಅಂತ ನೋಡಿಕೊಂಡೇ ಬೆರಳು ಒತ್ತುತ್ತಿದ್ದದ್ದು.
ಈಗ ನೀರೇ ಬಿಡದ ವರ್ಷದ ಹಾಗೆ
ಎಲ್ಲ ತಂತಮ್ಮ ಜಾಗದಲ್ಲಿ ಸುಮ್ಮನೆ ನಿಂತಿವೆ.

"ಚೆನ್ನಾಗಿ ಬಂದವೆ ಅಲ್ವೇನಪ್ಪ?"
ಹೂಂ ಅಂದೆ.
"ಗಾಜು ಹಾಕ್ಸೋಣ, ಎಂಟುನೂರು ಅಂತೆ."
ನೋಡೋಣ ಅಂದೆ.

ನಾಟಿಯ ಪಟವನ್ನು ದೇವೀರಮ್ಮನಿಗೆ ಕೊಟ್ಟು ಬಂದೆ.
ಸೆರಗಿಗೆ ಕೈ ಒರೆಸಿ ಇಸಿದುಕೊಂಡಳು,
ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು,
ಉಗುರಿನಿಂದ ಸಾಲು ಎಣಿಸುತ್ತಾ ಹೋಗಿ
ಒಂದು ಕಡೆ ನಿಂತಳು.
"ಇಲ್ಲೊಂದು ಪೈರು ಬುಟ್ಟೋಗದೆ, ನೋಡ್ಲಾ" ಅಂದು
ಕುಯ್ಲಾಗಿ ತಿಂಗಳು ಕಳೆದ
ಗದ್ದೆಯ ಕಡೆ ತಿರುಗಿದಳು.