ಅಕ್ಷರಕ್ಕೆ ಇಪ್ಪತ್ತು

ನಂಜನಗೂಡು ರಸ್ತೆಯ ಕಲ್ಲುಕುಟಿಗ ಸಿದ್ದಾಚಾರಿ
ಸೀಮೆಸುಣ್ಣ ಹಿಡಿದು ಕೂತಿದ್ದಾನೆ:
ಅಕ್ಷರಕ್ಕೆ ಇಪ್ಪತ್ತು. ಒತ್ತಿದ್ದರೆ ಇಪ್ಪತ್ತೈದು.
ಏನಂತ ಕೆತ್ಲಿ, ತಾಯಿ?

'ಮೇಷ್ಟ್ರ ಮನೆ ಜವರಯ್ಯ ಅಂತ್ಲೇ ಹಾಕ್ಸು' ಅನ್ನುತ್ತಾಳೆ ಅಕ್ಕ,
'ಬರೀ ಜವರಯ್ಯ ಅಂದ್ರೆ ಯಾವ ಜವರಯ್ಯ ಅಂತಾರೆ.'
ಷ್ಟ್ರ ನೋಡಿ ಆಚಾರಿ ತಲೆ ಕೆರೆಯುತ್ತಾನೆ:
ಒಂದರ ಕೆಳಗೊಂದು ಎರಡು ಒತ್ತು,
ಕಲ್ಲು ಚಕ್ಕೆ ಏಳುತ್ತದಂತೆ.

ಮೇಷ್ಟ್ರು ಕಾಲೇಜಿನಲ್ಲಿ ರೋಮಿನ ಚರಿತ್ರೆ ಹೇಳುತ್ತಿದ್ದವರು.
ಲಕ್ಷ್ಮೀಪುರದ ಮನೆಯ ಹಿತ್ತಿಲ ಮೆಟ್ಟಿಲಲ್ಲಿ
ನನ್ನ ಮಗ್ಗಿ ತಿದ್ದುತ್ತ ಒಂದು ದಿನ ಅಂದರು:
ಅಲ್ಲಿಯ ಯಜಮಾನ ಗೋರಿ ಕಟ್ಟಿಸುವಾಗ ಬರೆಸುತ್ತಿದ್ದನಂತೆ,
ನನಗೆ, ನನ್ನ ಹೆಂಡತಿಗೆ,
ನಾನು ಬಿಡುಗಡೆ ಮಾಡಿದ ಆಳುಗಳಿಗೆ, ಅವರ ಮಕ್ಕಳು ಮರಿಗೆ.
ಒಂದೇ ಗೋಡೆ, ಒಂದೇ ಮಾಡು, ಸಾಲಾಗಿ ಬೂದಿಯ ಗಡಿಗೆ.
ಹೇಳುವಾಗ ಅವರ ಕಣ್ಣು ತುಂಬಿತ್ತು.
ಕಿಟಕಿಯ ಹೊರಗಟ್ಟೆಯ ಮೇಲೆ
ಅಪ್ಪನ ಲೋಟ ಬೋರಲಾಗಿ ಕೂತಿತ್ತು.

ಸುಳ್ಳು ಹೇಳಲಾರೆ. ಟೈಫಾಯಿಡ್ ಬಂದಾಗ
ದೊಡ್ಡಾಸ್ಪತ್ರೆಯಲ್ಲಿ ಹನ್ನೊಂದು ರಾತ್ರಿ
ನನ್ನ ಮಂಚದ ಪಕ್ಕ ಕೂತವರು ಅವರೇ.
ನನ್ನ ಫೀಸು, ಅಕ್ಕನ ಮದುವೆಯ ಅಕ್ಕಿ,
ಉಯಿಲಿನಲ್ಲಿ ಸೀಬೆಮರದ ಪಕ್ಕದ ಕೋಣೆ,
'ಜವರನ ಜೀವಿತಾವಧಿಗೆ'.
ಮಕ್ಕಳು ಮರಿ ಎಂಬ ಮಾತು ರೋಮಿನಲ್ಲೇ ಉಳಿಯಿತು.

ಅವರು ಹೋದ ಮೇಲೂ ಒಂಬತ್ತು ವರ್ಷ
ಬೀಗ ಹಾಕಿದ ಮನೆಯ ಅಂಗಳ ಗುಡಿಸಿದ ಅಪ್ಪ.
ಯಾರು ಹೇಳಿದ್ರು ಅಂದರೆ,
'ಯಾರೂ ಬೇಡ ಅನ್ಲಿಲ್ವಲ್ಲ.'

ಮೇಷ್ಟ್ರ ಇನ್ನೊಂದು ಮಾತು ಈಗ ನೆನಪಾಗುತ್ತದೆ:
ಬಿಡುಗಡೆಯಾದವನ ಕಲ್ಲಿನಲ್ಲಿ
ತಂದೆಯ ಹೆಸರಿರಬೇಕಾದ ಕಡೆ ಧಣಿಯ ಹೆಸರು.

ಅಪ್ಪನ ಅಪ್ಪನಿಗೆ ಏನು ಹೆಸರು?
ಅವ್ವ ಇದ್ದಿದ್ದರೆ ಕೇಳಬಹುದಿತ್ತು.
ನಿನ್ನೆ ಬಸ್ಸು ಹತ್ತಿ ಮಳವಳ್ಳಿಯಾಚೆ ಅವನ ಊರಿಗೆ ಹೋದೆ.
ಕಣ್ಣು ಮಂಜಾದ ದುಂಡಮ್ಮಜ್ಜಿ
ಎಲೆಅಡಿಕೆ ಕುಟ್ಟುವುದ ನಿಲ್ಲಿಸಿ ಯೋಚಿಸಿದಳು:
'ಜವರನ ಅಪ್ಪನಾ? ಮಾರ. ಊಹೂಂ, ಮಂಚ.
ಏನೋ ಕಣವ್ವ. ಅವನೂ ಯಾರ್ದೋ ಮನೇಲಿದ್ದ.'

ಬಿಸಿಲು ಕಲ್ಲಿನ ಮೇಲೆ ಬಂತು. ಆಚಾರಿ ಕೆಮ್ಮಿದ.
ಜವರಯ್ಯ ಅಂತ ನಡುವೆ ಕೆತ್ತು, ಅಂದೆ.
ಮೇಲೆ ಒಂದು ಮ ಬರಿ, ಸುಣ್ಣದಲ್ಲಿ ಸಾಕು.
ಮಿಕ್ಕಿದ್ದು ನಾಳೆ ಹೇಳ್ತೀನಿ.