ಎಂಟನೆಯ ಡಬ್ಬಿ

ರೈಲು ಎರಡೇ ನಿಮಿಷ ನಿಲ್ಲುವ ಊರು ನಮ್ಮದು.
ಇಳಿಯುತ್ತಿದ್ದದ್ದು ಕಲ್ಲಿದ್ದಲು, ಅಂಚೆಚೀಲ,
ತಿಂಗಳಿಗೊಮ್ಮೆ ತಗಡಿನ ಡಬ್ಬಿಗಳಲ್ಲಿ ಸಿನಿಮಾ.
ಸುತ್ತ ಹುಲ್ಲುಬಯಲು; ಕಜಾಕ್‌ಸ್ತಾನದ ಗಾಳಿಗೆ
ತಡೆ ಎಂದರೆ ನಮ್ಮ ಶಾಲೆಯ ಗೋಡೆಯೊಂದೇ.

ಗೋಧಿ ಉಗ್ರಾಣವೇ ಟಾಕೀಸು.
ಯಂತ್ರ ತಿರುಗಿಸುವವನು ರೈನ್‌ಹೋಲ್ಡ್ ತಾತ,
ಯುದ್ಧಕಾಲದಲ್ಲಿ ವೋಲ್ಗಾ ದಂಡೆಯಿಂದ
ಮೂಟೆಯ ಹಾಗೆ ತಂದು ಸುರಿದ ಜರ್ಮನರಲ್ಲಿ ಒಬ್ಬ.
ಮಾತು ಕಮ್ಮಿ. ಬೆರಳಿಗೆ ಸದಾ ಅಂಟಿನ ವಾಸನೆ.

ಆ ಚಳಿಗಾಲ ಬಂದದ್ದು ಮಕ್ಕಳ ಸಿನಿಮಾ:
ಐದು ಮಂದಿ, ಮೀಸೆ ಚಿಗುರದ ವಯಸ್ಸು,
ಶಾಲೆಯ ಪ್ರವಾಸಕ್ಕೆ ಹೋಗಿ, ನೋಡಲೆಂದಿಟ್ಟ ನೌಕೆಯೊಳಗೆ
ಕಣ್ಣಾಮುಚ್ಚಾಲೆ ಆಡುತ್ತ ಆಡುತ್ತ
ಯಾರದೋ ಮೊಣಕೈ ಯಾವುದೋ ಗುಂಡಿಗೆ ತಾಗಿ
ಹೊರಟೇಬಿಟ್ಟರು.

ಎರಡು ಜಡೆಯ ಕ್ಯಾಪ್ಟನ್. ತೇಲುವ ಬಟಾಣಿಯನ್ನು
ಬಾಯಿಂದಲೇ ಹಿಡಿಯುವ ದಡೂತಿ ಹುಡುಗ.
ತೊದಲುವ ಒಂದು ಯಂತ್ರಮಾನವ: ಅದರ ತಲೆ
ಯಾರದೋ ಅಜ್ಜಿಯ ಸಮೋವರ್ ಎಂದು ಕುರುಡನಿಗೂ ಗೊತ್ತಾಗುವಂತಿತ್ತು.
ಆದರೂ ನಂಬಿದೆವು. ನಂಬದಿರಲು
ಕಾರಣವೇನಿತ್ತು? ನಮ್ಮ ಕೋಳಿಗೂಡಿನ ಸೂರು
ಆಕಾಶದಿಂದ ಬಿದ್ದ ರಾಕೆಟ್ಟಿನ ತುಂಡು;
ಅಮ್ಮ ಬಟ್ಟೆ ನೆನೆಸುವ ಬೋಗುಣಿಯೂ ಅದೇ.
ಬಾನು ನಮಗೆ ನೆರೆಮನೆ, ಆಗಾಗ
ಪಾತ್ರೆ ಎಸೆದು ಜಗಳವಾಡುವ ನೆರೆಮನೆ.

ಏಳನೆಯ ಡಬ್ಬಿಯ ಕೊನೆಗೆ ಗಾಳಿ ಮುಗಿಯುತ್ತ ಬರುತ್ತದೆ.
ಉಸಿರು ಎಣಿಸಿ ಹಂಚಿಕೊಳ್ಳುತ್ತಾರೆ ಐವರೂ.
ಕಿಟಕಿಯಲ್ಲಿ ಭೂಮಿ, ಎಣ್ಣೆಯಲ್ಲಿ ಕರಿದ ಬೌರ್ಸಾಕಿನಷ್ಟೇ.
ಕ್ಯಾಪ್ಟನ್ ಹಿಡಿಕೆಗೆ ಕೈ ಚಾಚುತ್ತಾಳೆ...
ದೀಪ. ಕೆಮ್ಮು. ತಾತ ಡಬ್ಬಿ ಬದಲಿಸುತ್ತಾನೆ.

ಎಂಟನೆಯದರಲ್ಲಿ ಇದ್ದದ್ದು ಹತ್ತಿ.
ಯಾವ ಗೋದಾಮಿನಲ್ಲಿ ಯಾರ ಕೈತಪ್ಪೋ,
ತಾಷ್ಕೆಂಟಿನ ಆಚೆಯ ಹತ್ತಿಹೊಲದ ವಾರ್ತಾಚಿತ್ರ.
ಬೆಳ್ಳಗೆ, ಬೆಳ್ಳಗೆ, ದಿಗಂತದ ತನಕ ಬೆಳ್ಳಗೆ,
ನಡುವೆ ಟ್ರ್ಯಾಕ್ಟರು, ತಲೆವಸ್ತ್ರದ ಹೆಂಗಸರ ನಗೆ,
ಟನ್ನುಗಳ ಲೆಕ್ಕ ಹೇಳುವ ಗಂಡುದನಿ.
ತಾತ ನಿಲ್ಲಿಸಲಿಲ್ಲ. ನಾವೂ ಏಳಲಿಲ್ಲ.

"ಮೋಡ ಅದು" ಅಂದಳು ಶೋಲ್ಪಾನ್.
"ಮೋಡದಲ್ಲಿ ಟ್ರ್ಯಾಕ್ಟರಾ?"
"ಹಾಗಾದ್ರೆ ಹತ್ತಿಹೊಲಕ್ಕೇ ಇಳಿದಿದ್ದಾರೆ, ಮೆತ್ತಗಿರಲಿ ಅಂತ.
ಆ ಹೆಂಗಸರು ಅವರಮ್ಮಂದಿರು. ನೋಡು, ನಗ್ತಿದ್ದಾರೆ."
ನನ್ನ ತಮ್ಮ ಯೆರ್ಬೊಲ್ ಮಾತ್ರ, ಆರು ವರ್ಷದವನು,
ಮೂಟೆಗಳ ನಡುವೆ ಐದು ತಲೆ ಹುಡುಕುತ್ತಿದ್ದ.
ಮೂರು ರಾತ್ರಿ ತೋರಿಸಿದರು. ಮೂರು ರಾತ್ರಿಯೂ ಹುಡುಕಿದ,
ಜೇಬಿನಲ್ಲಿ ಒಂದು ಹಿಡಿ ಬಟಾಣಿ, ಸಿಕ್ಕರೆ ಕೊಡಲು.

ಆಮೇಲೆ ಒಂದು ದೇಶವೇ ಡಬ್ಬಿ ಬದಲಿಸಿತು.
ತಾತ ಜರ್ಮನಿಗೆ ಹೋದ; ಅವನ ಜರ್ಮನ್ ಅಲ್ಲಿ
ಯಾರಿಗೂ ತಿಳಿಯಲಿಲ್ಲವಂತೆ. ಉಗ್ರಾಣದಲ್ಲಿ ಈಗ ಹಳೆ ಟೈರು.

ನಿನ್ನೆ ಅಲ್ಮಾಟಿಯಲ್ಲಿ, ಒಂಬತ್ತನೆಯ ಮಹಡಿಯಲ್ಲಿ,
ಮಗಳು ಎಲ್ಲಿಂದಲೋ ಹುಡುಕಿ ತೆಗೆದಳು, ಪೂರ್ತಿ.
ನಲವತ್ತು ವರ್ಷ ಕಾದ ಹತ್ತು ನಿಮಿಷ:
ಹಿಡಿಕೆ ಎಳೆಯುತ್ತಾಳೆ. ಸಮುದ್ರ. ಹಡಗು.
ಬ್ಯಾಂಡು, ಮಂತ್ರಿಯೊಬ್ಬನ ಭಾಷಣ.
ಹೂಗುಚ್ಛದ ಹಿಂದೆ ಕ್ಯಾಪ್ಟನ್ನಿನ ಮುಖವೇ ಕಾಣಿಸದು.
ಒಬ್ಬ ತಾಯಿಯೂ ಇಲ್ಲ.
"ಇಷ್ಟೇನಾ?" ಅಂದಳು ಮಗಳು, ಫೋನಿಗೆ ಮರಳಿದಳು.

ರಾತ್ರಿ ಹನ್ನೊಂದಕ್ಕೆ ಯೆರ್ಬೊಲ್ ಕರೆ ಮಾಡಿದ,
ಅದೇ ನಿಲ್ದಾಣದ ಸಿಗ್ನಲ್ ಪಾಳಿಯಿಂದ,
ಹಿಂದೆ ಗಾಳಿ, ಅದೇ ಗಾಳಿ.
ಸೊಂಟನೋವು, ಕುದುರೆಯ ಬೆಲೆ, ಅದು ಇದು ಆಡಿ
"ಸಿಕ್ಕಿತಂತಲ್ಲ" ಅಂದ. "ಕೊನೆಗೆ ಏನಿತ್ತು?"

ಕಿಟಕಿಯಾಚೆ ನೋಡಿದೆ. ಹಿಮ ಬೀಳುತ್ತಿತ್ತು.
"ಹತ್ತಿ" ಅಂದೆ.

ಆ ತುದಿಯಲ್ಲಿ ಬಹಳ ಹೊತ್ತು ಏನೂ ಇಲ್ಲ.
ಗೂಡ್ಸ್ ಗಾಡಿಯೊಂದು ಹಾದುಹೋಗುವವರೆಗೆ ಕಾದು
"ಹೆಂಗಸರ ಬಲಕ್ಕೆ, ಮೂರನೇ ಮೂಟೆ ಹಿಂದೆ
ನೋಡಿದ್ಯಾ?" ಅಂದ.