ಮಂಗಳವಾರದ ತೊಟ್ಟಿ

ಫೆಬ್ರವರಿ ಬಂತೆಂದರೆ ನಮ್ಮ ಶಾಲೆಯ ಗೋಡೆಗೆ
ದೊಡ್ಡವರ ಪಟಗಳು ಬರುತ್ತಿದ್ದವು:
ಕಪ್ಪು ಮುಖ, ಬಿಳಿ ಕಾಲರು, ಎಲ್ಲೋ ದೂರ ನೆಟ್ಟ ನೋಟ.
ಮಾರ್ಚ್ ಒಂದಕ್ಕೆ ಸುರುಳಿ ಸುತ್ತಿ ಬೀರುವಿನ ಮೇಲೆ.
ಉಳಿದ ಹನ್ನೊಂದು ತಿಂಗಳು ಧೂಳಿನ ಪಾಲು.

ಮಿಸ್ ವರ್ನೀಸ್ ಗೇದರ್ಸ್ ಪಟ ಯಾವ ಗೋಡೆಯಲ್ಲೂ ಇರಲಿಲ್ಲ.
ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಅವಳ ಕೆಲಸ.
ಬೆರಳ ತುದಿ ಸದಾ ನೆನೆದ ಒಣದ್ರಾಕ್ಷಿ.
ಬೈದರೆ ಬಿಸಿ ಹಬೆ. ನಕ್ಕರೆ
ಮುಂದಿನ ಹಲ್ಲಿನ ಸಂದಿಯಲ್ಲಿ ಶಿಳ್ಳೆ.

ನಮ್ಮೂರು ಒಹಾಯೊ ನದಿಯ ದಂಡೆಗೆ.
ಮಗ್ಗುಲಲ್ಲೇ ಅಷ್ಟು ನೀರು, ನಮಗೆ ಮಾತ್ರ ಈಜು ಬಾರದು.
ಯಾಕೆಂದು ಕೇಳಿದರೆ ಅಜ್ಜಿ
ಬ್ಯಾಂಕಿನ ಕಾರುಗಳು ನಿಲ್ಲುವ ಜಾಗ ತೋರಿಸುವಳು:
"ಅದರ ಕೆಳಗಿದೆ ಈಜುಕೊಳ.
ನಾವೂ ಇಳಿಯಬಹುದೆಂದು ಕೋರ್ಟು ಹೇಳಿದ ವಾರ
ಲಾರಿ ತಂದು ಸಿಮೆಂಟು ಸುರಿದರು.
ಪಾಪ, ಆ ಬೇಸಿಗೆ ಅವರಿಗೂ ಸೆಕೆ."
ಅಜ್ಜಿಯ ಆ 'ಪಾಪ'ದಲ್ಲಿ ಎಷ್ಟು ಉಪ್ಪಿತ್ತೋ
ನನಗೆ ಆಗ ತಿಳಿಯಲಿಲ್ಲ.

ವರ್ನೀಸಳ ಅಣ್ಣ ಕ್ಲಿಯೋಫಸ್ ಅದೇ ಬೇಸಿಗೆ ನದಿಗಿಳಿದ.
ಇಷ್ಟೇ. ಇದನ್ನೂ ಅವಳು ಹೇಳಲಿಲ್ಲ, ಊರು ಹೇಳಿತು,
ದನಿ ತಗ್ಗಿಸಿ.

ಐವತ್ತೆರಡನೆಯ ವಯಸ್ಸಿಗೆ ಅವಳು
ಎರಡು ಬಸ್ಸು ಬದಲಿಸಿ, ಪಕ್ಕದ ಕೌಂಟಿಗೆ ಹೋಗಿ,
ಆರು ವರ್ಷದ ಮಕ್ಕಳ ಸಾಲಿನಲ್ಲಿ ನಿಂತು
ಈಜು ಕಲಿತಳು. ಮೂಗಿಗೆ ಬಟ್ಟೆಯ ಕ್ಲಿಪ್ಪು.
ಆಮೇಲೆ ಬಂದು ಪಾಸ್ಟರ್ ಆಂಬ್ರೋಸ್ ಟಲ್ ಎದುರು ಕೂತಳು:
"ನಿಮ್ಮ ದೀಕ್ಷಾಸ್ನಾನದ ತೊಟ್ಟಿ ವಾರಕ್ಕೆ ಆರು ದಿನ ಖಾಲಿ.
ಮಂಗಳವಾರ ನನಗೆ ಕೊಡಿ."
"ಅದು ಪಾಪ ತೊಳೆಯುವ ತೊಟ್ಟಿ, ತಾಯಿ!"
"ಹೆದರಿಕೆಯನ್ನೂ ತೊಳೆಯಲಿ. ಸೋಪು ನಾನು ತರುತ್ತೇನೆ."

ಹಾಗೆ ಶುರುವಾಯಿತು. ನಮ್ಮ ಎದೆಮಟ್ಟದ ನೀರು,
ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಜೋರ್ಡನ್ ನದಿ,
ಗಡಗಡ ನಡುಗುವ ಏಳು ಜನ ನಾವು.
ಕೂದಲು ಕೆಡುತ್ತದೆಂದು ತಾಯಂದಿರು ತಕರಾರು ತೆಗೆದರೆ
ಮುರಿದ ಛತ್ರಿಗಳ ಬಟ್ಟೆಯಿಂದ ಟೋಪಿ ಹೊಲಿದು ತಂದಳು.
ನನ್ನದಕ್ಕೆ ಒಂದು ತೂತು. ಇನ್ನೂ ಇಟ್ಟುಕೊಂಡಿದ್ದೇನೆ.

ಮೊದಲ ಪಾಠ ಮುಖ ಅದ್ದುವುದು. ಎರಡನೆಯದೂ ಅದೇ.
ಮೂರನೆಯ ಮಂಗಳವಾರ ಬೆನ್ನಡಿ ಅಂಗೈ ಇಟ್ಟು
"ಮಲಗು" ಎಂದಳು. ಮಲಗಿದೆ, ಹಲಗೆಯ ಹಾಗೆ ಬಿಗಿದು.
"ಸತ್ತವರೂ ತೇಲುತ್ತಾರೆ ಮಗಾ. ಅವರು ಬಿಗಿಯುವುದಿಲ್ಲ"
ಎಂದವಳು
ಒಂದು ಗಳಿಗೆ ಎಲ್ಲಿಗೋ ಹೋಗಿ ಬಂದಳು.

ಕೈಬಿಡುವುದಕ್ಕೆ ಎರಡು ಅರ್ಥ ಎಂದು ಗೊತ್ತಾದದ್ದು ಆಗಲೇ.
ಊರು ನಮ್ಮನ್ನು ಕೈಬಿಟ್ಟಿತ್ತು, ಒಂದು ಸಲವಲ್ಲ.
ಅವಳೂ ಬಿಟ್ಟಳು, ಬೆನ್ನ ಕೆಳಗಿನ ಆ ಸುಕ್ಕು ಬೆರಳು
ಒಂದೊಂದಾಗಿ.
ನೀರು ಇಸಕೊಂಡಿತು.

ಏಳು ಜನರಲ್ಲಿ ಡೆಲ್ಫೀನ್ ಈಗ ಅದೇ ಕೌಂಟಿಯಲ್ಲಿ
ಶಿಳ್ಳೆ ಕೊರಳಿಗೆ ಹಾಕಿ ಎತ್ತರದ ಕುರ್ಚಿಯಲ್ಲಿ ಕೂರುತ್ತಾಳೆ.
ರೋಸ್ಕೊ ದೋಣಿಯಿಂದ ದೋಣಿಗೆ ಹಗ್ಗ ಎಸೆಯುತ್ತಾನೆ.
ಒಬ್ಬನಿಗೆ ಈಜು ಬರಲೇ ಇಲ್ಲ, ಟವೆಲು ಮಡಚುತ್ತಿದ್ದ,
ಅವನನ್ನೂ ಅವಳು ಲೆಕ್ಕದಿಂದ ತೆಗೆಯಲಿಲ್ಲ.

ಆದರೆ ನಾನು ಹೇಳಹೊರಟದ್ದು ಅಜ್ಜಿಯ ಮಾತು.
ಎಪ್ಪತ್ನಾಲ್ಕರ ಅಜ್ಜಿ ಒಂದು ಮಂಗಳವಾರ
ಬೂಟು ಕೈಯಲ್ಲಿ ಹಿಡಿದು ಮೆಟ್ಟಿಲ ಬಳಿ ನಿಂತಿದ್ದಳು,
ಭಾನುವಾರದ ಹ್ಯಾಟು ತಲೆಯ ಮೇಲೆ.
ಯಾರೂ ಕರೆದಿರಲಿಲ್ಲ. ಇಳಿದಳು.
ವರ್ನೀಸ್ ಬೆನ್ನಿಗೆ ಅಂಗೈ ಕೊಟ್ಟಳು.
ದೀಪದ ಬೆಳಕು ಹೊಟ್ಟೆಯ ಮೇಲೆ ಅಲುಗಾಡಿತು,
ಹ್ಯಾಟು ಹಕ್ಕಿಗೂಡಿನಂತೆ ಬೇರೆಯೇ ತೇಲಿಹೋಯಿತು.
ಕಣ್ಣು ಮುಚ್ಚಿಕೊಂಡೇ ಅಂದಳು:
"ವರ್ನೀಸ್, ಕೈ ಬಿಟ್ಟಿದ್ದರೆ
ನನಗೆ ಹೇಳಬೇಡ."

ವರ್ನೀಸ್ ಹೇಳಲಿಲ್ಲ.
ಅವಳ ಎರಡೂ ಒದ್ದೆ ಕೈ ಆಗ
ನನ್ನ ಹೆಗಲ ಮೇಲಿದ್ದವು.